ಅರ್ಧ ಎಲ್ಲಿ ಹೋಯ್ತು? ಒಂದು ಸ್ಪ್ರಿಂಗು, ಒಂದು ಭಾರ, ಮೂರೂವರೆ ಶತಮಾನದ ಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ಇವತ್ತಿನ ಕಥೆ ಶುರುವಾಗೋದು ಹಳೇ ಪೇಪರ್‌ನವರ ತಕ್ಕಡಿಯಿಂದ. ನಿಮಗೂ ನೆನಪಿರಬಹುದು. ಸೈಕಲ್ ಮೇಲೆ ಬರ್ತಿದ್ರು, ಕೈಯಲ್ಲಿ ಒಂದು ಕೊಕ್ಕೆ ಇರೋ ಸ್ಪ್ರಿಂಗ್ ತಕ್ಕಡಿ. ಅಜ್ಜಿ ತಿಂಗಳ ಪೇಪರನ್ನೆಲ್ಲ ಸುತ್ತಿ ದಾರ ಕಟ್ಟಿ ಕೊಡೋರು. ಆತ ಕಟ್ಟನ್ನು ಕೊಕ್ಕೆಗೆ ಸಿಕ್ಕಿಸಿ ಕೈ ಬಿಟ್ಟ ತಕ್ಷಣ ಮುಳ್ಳು ಒಂದೇ ಏಟಿಗೆ ಕೆಳಗೆ ಹಾರೋದು. ನಾವು ಹುಡುಗರು "ಎಂಟು ಕೆಜಿ, ಎಂಟು ಕೆಜಿ" ಅಂತ ಕೂಗೋದು. ಆತ ನಕ್ಕು, "ಮುಳ್ಳು ನಿಲ್ಲಲಿ ಇರು ಮರಿ" ಅನ್ನೋನು. ಮುಳ್ಳು ಮೇಲೆ ಹೋಗಿ, ಕೆಳಗೆ ಬಂದು, ಆಡಿ ಆಡಿ ಕೊನೆಗೆ ನಿಲ್ಲುತ್ತಿದ್ದುದು ನಾಲ್ಕರ ಹತ್ತಿರ.

ಆಗ ಅದು ಬರೀ ತಮಾಷೆ. ಆದರೆ ಯೋಚನೆ ಮಾಡಿ. ನಾಲ್ಕು ಕೆಜಿ ಕಟ್ಟು ಮೊದಲ ಕ್ಷಣದಲ್ಲಿ ಎಂಟರ ಹತ್ತಿರ ಯಾಕೆ ಹೋಗಬೇಕು? ಐದಕ್ಕೋ ಆರಕ್ಕೋ ಯಾಕೆ ಹೋಗಲ್ಲ? ಸರಿಸುಮಾರು ಎರಡರಷ್ಟೇ ಯಾಕೆ?

ಮುಂದೆ ಪಿಯುಸಿಯಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂತು. ನುಣುಪಾದ ಮೇಜು, ಘರ್ಷಣೆ ಇಲ್ಲ. ಗೋಡೆಗೆ ಒಂದು ಸ್ಪ್ರಿಂಗು, ಸ್ಪ್ರಿಂಗಿಗೆ ಒಂದು ಬ್ಲಾಕು. ಸ್ಪ್ರಿಂಗನ್ನು 1 ಮೀಟರ್ ಎಳೆಯೋಕೆ 100 ನ್ಯೂಟನ್ ಬಲ ಬೇಕು. ನಿಂತಿರೋ ಬ್ಲಾಕನ್ನು 10 ನ್ಯೂಟನ್ ಸ್ಥಿರ ಬಲದಿಂದ ಎಳೆದರೆ ಅದು ಹೆಚ್ಚೆಂದರೆ ಎಷ್ಟು ದೂರ ಹೋಗುತ್ತೆ? ನಾನು ಸಂಭ್ರಮದಿಂದ ಬರೆದೆ: 10 ಭಾಗಿಸು 100, ಅಂದ್ರೆ 10 ಸೆಂಟಿಮೀಟರ್. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಎಳೆದು, "ಬ್ಲಾಕ್ ಅಲ್ಲಿ ನಿಲ್ಲಲ್ಲ ಕಣಯ್ಯಾ" ಅಂದ್ರು. ಸರಿ ಉತ್ತರ 20 ಸೆಂಟಿಮೀಟರ್. ಮತ್ತೆ ಅದೇ ಎರಡರಷ್ಟು.

ಈ ಎರಡರಷ್ಟು ಅನ್ನೋದರ ಹಿಂದೆ ಒಂದು ಉದ್ದನೆ ಇತಿಹಾಸ ಇದೆ. ಅದರಲ್ಲಿ ಒಂದು ಗಡಿಯಾರದ ಜಗಳ ಇದೆ, ಒಂದು ಗುಪ್ತ ಲಿಪಿ ಇದೆ, ಯುದ್ಧ ಕೈದಿಯಾಗಿದ್ದ ಒಬ್ಬ ಇಂಜಿನಿಯರ್ ಇದ್ದಾನೆ, ಮುರಿದುಬಿದ್ದ ಒಂದು ಸೇತುವೆ ಇದೆ. ಬನ್ನಿ, ಒಂದೊಂದಾಗಿ ನೋಡೋಣ.

ಹದಿನಾಲ್ಕು ಅಕ್ಷರಗಳ ಬೀಗ

1676. ಲಂಡನ್. ರಾಬರ್ಟ್ ಹುಕ್ ಅನ್ನೋ ವಿಜ್ಞಾನಿ ಸೂರ್ಯನನ್ನು ನೋಡುವ ದುರ್ಬೀನುಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ತರ್ತಾನೆ. ಅದರ ಕೊನೆಯಲ್ಲಿ, ವಿಷಯಕ್ಕೆ ಸಂಬಂಧವೇ ಇಲ್ಲದ ಹಾಗೆ, ತಾನು ಕಂಡುಹಿಡಿದ ಕೆಲವು ಸಂಗತಿಗಳ ಪಟ್ಟಿ ಕೊಡ್ತಾನೆ. ಅದರಲ್ಲಿ ಒಂದು: ಸ್ಥಿತಿಸ್ಥಾಪಕತ್ವದ ನಿಜವಾದ ಸಿದ್ಧಾಂತ. ಸಿದ್ಧಾಂತ ಏನು ಅಂತ ನೋಡಿದ್ರೆ ಅಲ್ಲಿರೋದು ಬರೀ ಅಕ್ಷರಗಳು. ಸಿ, ಇ, ಐ, ಐ, ಐ, ಎನ್, ಓ, ಎಸ್, ಎಸ್, ಎಸ್, ಟಿ, ಟಿ, ಯು, ಯು. ಒಟ್ಟು 14.

ಓದಿದವರಿಗೆ ಏನು ಅರ್ಥ ಆಗಬೇಕು? ಏನೂ ಆಗಬಾರದು, ಅದೇ ಉದ್ದೇಶ. ಆ ಕಾಲದಲ್ಲಿ ಹೀಗೆ ಮಾಡೋದು ರೂಢಿಯಲ್ಲಿತ್ತು. ವಾಕ್ಯದ ಅಕ್ಷರಗಳನ್ನು ಕಲಸಿ ಅಚ್ಚು ಹಾಕಿಸೋದು. ನಾಳೆ ಬೇರೆ ಯಾರಾದರೂ ಅದನ್ನೇ ಕಂಡುಹಿಡಿದೆ ಅಂದ್ರೆ, "ಇಲ್ಲ ಸ್ವಾಮಿ, ನಾನು ಮೊದಲೇ ಬರೆದಿದ್ದೆ, ಅಕ್ಷರ ಜೋಡಿಸಿ ನೋಡಿ" ಅಂತ ತೋರಿಸಬಹುದು. ಅಲ್ಲಿವರೆಗೂ ಗುಟ್ಟು ಗುಟ್ಟಾಗಿಯೇ ಇರುತ್ತೆ. 1610ರಲ್ಲಿ ಗೆಲಿಲಿಯೋ ಶನಿಗ್ರಹದ ವಿಚಾರದಲ್ಲಿ ಇದನ್ನೇ ಮಾಡಿದ್ದ.

ಹುಕ್‌ಗೆ ಇಷ್ಟು ಭಯ ಯಾಕೆ? ಕಾರಣ ಇತ್ತು. ಹಿಂದಿನ ವರ್ಷ, 1675ರ ಶುರುವಿನಲ್ಲಿ, ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಒಂದು ಹೊಸ ಗಡಿಯಾರದ ವಿವರ ಪ್ರಕಟಿಸಿದ. ಅದರ ಒಳಗೆ ಸುರುಳಿ ಸ್ಪ್ರಿಂಗು. ಅದು ಚಕ್ರವನ್ನು ಹಿಂದೆ ಮುಂದೆ ಆಡಿಸಿ ಸಮಯ ಹಿಡಿಯುತ್ತೆ. ಹುಕ್ ಕೆಂಡಾಮಂಡಲ. ಇದು ನನ್ನ ಯೋಚನೆ, ಎಷ್ಟೋ ವರ್ಷದ ಹಿಂದೆಯೇ ನಾನು ಮಾಡಿದ್ದು, ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡೆನ್‌ಬರ್ಗ್ ನನ್ನ ಗುಟ್ಟನ್ನು ಹೊರದೇಶಕ್ಕೆ ಬಿಟ್ಟುಕೊಟ್ಟ ಅಂತ ಆರೋಪ ಮಾಡಿದ. ಥಾಮಸ್ ಟಾಂಪಿಯನ್ ಅನ್ನೋ ಗಡಿಯಾರದ ಕಸುಬುದಾರನ ಕೈಯಲ್ಲಿ ದೊರೆ ಎರಡನೇ ಚಾರ್ಲ್ಸ್‌ಗೆ ಒಂದು ಗಡಿಯಾರ ಮಾಡಿಸಿ, ತಾನು ಇದನ್ನು 1658ರಲ್ಲೇ ಕಂಡುಹಿಡಿದೆ ಅಂತ ಅದರ ಮೇಲೆ ಕೆತ್ತಿಸಿದ. ಇದು ಬರೀ ಹೆಸರಿನ ಜಗಳ ಅಲ್ಲ. ಹಡಗಿನಲ್ಲಿ ಸರಿಯಾಗಿ ಓಡುವ ಗಡಿಯಾರ ಸಿಕ್ಕರೆ ಸಮುದ್ರದ ನಡುವೆ ರೇಖಾಂಶ ಗೊತ್ತಾಗುತ್ತೆ. ಅದರಲ್ಲಿ ದುಡ್ಡೂ ಇತ್ತು, ದೇಶಗಳ ವ್ಯಾಪಾರವೂ ಇತ್ತು.

ಎರಡು ವರ್ಷ ಕಳೆದ ಮೇಲೆ, 1678ರಲ್ಲಿ, ಹುಕ್ ಬೀಗ ತೆಗೆದ. ಸ್ಪ್ರಿಂಗಿನ ಬಗ್ಗೆಯೇ ಬರೆದ ಪುಸ್ತಕದಲ್ಲಿ ಅಕ್ಷರಗಳನ್ನು ಜೋಡಿಸಿ ಲ್ಯಾಟಿನ್ ವಾಕ್ಯ ಕೊಟ್ಟ: ಉಟ್ ಟೆನ್ಸಿಯೋ ಸಿಕ್ ವಿಸ್. ಎಳೆತ ಎಷ್ಟೋ ಬಲ ಅಷ್ಟು. ಒಂದು ಪಾಲು ಭಾರ ಹಾಕಿದರೆ ಒಂದು ಪಾಲು ಎಳೆಯುತ್ತೆ, ಎರಡು ಪಾಲು ಹಾಕಿದರೆ ಎರಡು ಪಾಲು. ತಂತಿಯ ಸುರುಳಿ, ಗಡಿಯಾರದ ಸ್ಪ್ರಿಂಗು, ಚಾವಣಿಗೆ ಮೊಳೆ ಹೊಡೆದು ಇಳಿಬಿಟ್ಟ 20, 30, 40 ಅಡಿ ಉದ್ದದ ತಂತಿ, ಒಣಗಿದ ಮರದ ಕೋಲು, ಎಲ್ಲಕ್ಕೂ ಇದೇ ನಿಯಮ ಅಂತ ತೋರಿಸಿದ. ನಾವು ಇವತ್ತು ಹುಕ್‌ನ ನಿಯಮ ಅನ್ನೋದು ಇದನ್ನೇ. ಹಳೇ ಪೇಪರ್‌ನವರ ತಕ್ಕಡಿಯ ಗೆರೆಗಳು ಸಮ ದೂರದಲ್ಲಿ ಇರೋದಕ್ಕೂ ಇದೇ ಕಾರಣ.

ಬಾವಿ ತೋಡುವ ಕೂಲಿ

ಎಲ್ಲರಿಗೂ ಗೊತ್ತಿರುವ ಕಥೆ ಇಲ್ಲಿಗೆ ಮುಗಿಯುತ್ತೆ. ನನಗೆ ಕುತೂಹಲ ಹುಟ್ಟಿಸಿದ್ದು ಅದರ ಮುಂದಿನ ಪುಟಗಳು. ಅದೇ 1678ರ ಪುಸ್ತಕದಲ್ಲಿ ಹುಕ್ ಇನ್ನೊಂದು ಪ್ರಶ್ನೆ ಕೇಳ್ತಾನೆ. ಎಳೆದ ಸ್ಪ್ರಿಂಗನ್ನು ಬಿಟ್ಟರೆ ಅದು ಒಂದು ವಸ್ತುವಿಗೆ ಎಷ್ಟು ವೇಗ ಕೊಡುತ್ತೆ?

ಇಲ್ಲೇ ತೊಡಕು. ಬಲ ಒಂದೇ ಸಮ ಇದ್ದರೆ ಲೆಕ್ಕ ಸುಲಭ. ಆದರೆ ಸ್ಪ್ರಿಂಗಿನ ಬಲ ಹೆಜ್ಜೆ ಹೆಜ್ಜೆಗೂ ಬದಲಾಗುತ್ತೆ. ಯಾವ ಬಲವನ್ನು ಹಿಡಿಯೋದು? ಮೊದಲನೇದಾ, ಕೊನೇದಾ?

ನಮ್ಮ ಕಡೆಯ ಒಂದು ಉದಾಹರಣೆ ತಗೊಳ್ಳಿ. ಬಾವಿ ತೋಡಿಸುವಾಗ ಆಳ ಹೋದ ಹಾಗೆ ಕೂಲಿ ಹೆಚ್ಚಾಗುತ್ತೆ, ಮಣ್ಣನ್ನು ಮೇಲೆ ತರಬೇಕಲ್ಲ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಮೊದಲನೇ ಅಡಿಗೆ 1 ರೂಪಾಯಿ, ಎರಡನೇ ಅಡಿಗೆ 2, ಹತ್ತನೇ ಅಡಿಗೆ 10 ಅಂತ ಇಟ್ಕೊಳ್ಳಿ. 10 ಅಡಿ ತೋಡಿದ್ದಕ್ಕೆ ಒಟ್ಟು ಎಷ್ಟು? ಯಾರಾದರೂ "ಹತ್ತನೇ ಅಡಿಗೆ ಹತ್ತು, ಹತ್ತು ಅಡಿ, ಹತ್ತತ್ಲಿ ನೂರು ಕೊಡಿ" ಅಂದ್ರೆ ನೀವು ಕೊಡ್ತೀರಾ? ಒಂದರಿಂದ ಹತ್ತರವರೆಗೆ ಕೂಡಿದರೆ 55. ಇನ್ನೂ ಸೂಕ್ಷ್ಮವಾಗಿ, ಅಡಿಯನ್ನು ಹತ್ತು ಪಾಲು ಮಾಡಿ, ಪ್ರತಿ ಪಾಲಿಗೂ ಅದರದೇ ದರ ಹಿಡಿದು ಕೂಡಿದರೆ 50 ರೂಪಾಯಿ 50 ಪೈಸೆ. ಇನ್ನೂ ಸಣ್ಣ ಪಾಲು ಮಾಡ್ತಾ ಹೋದರೆ 50ಕ್ಕೆ ಬಂದು ನಿಲ್ಲುತ್ತೆ. ನೂರರ ಅರ್ಧ. ಈ ಅರ್ಧವೇ ನಮ್ಮ ಕಥಾನಾಯಕ.

ಹುಕ್ ಮಾಡಿದ್ದೂ ಇದನ್ನೇ. ಅವನು ತ್ರಿಕೋನ ಬರೆದ. ತಳದ ಗೆರೆ ಸ್ಪ್ರಿಂಗ್ ಎಳೆದ ದೂರ, ಎತ್ತರ ಆ ಜಾಗದಲ್ಲಿರುವ ಬಲ. ಒಟ್ಟು ಪರಿಣಾಮ ಅಂದ್ರೆ ಆ ತ್ರಿಕೋನದ ವಿಸ್ತೀರ್ಣ. ದೂರ ಎರಡರಷ್ಟಾದರೆ ಎತ್ತರವೂ ಎರಡರಷ್ಟು, ವಿಸ್ತೀರ್ಣ ನಾಲ್ಕರಷ್ಟು. ಆಮೇಲೆ, ವೇಗ ಈ ಒಟ್ಟು ಮೊತ್ತದ ಹಾಗೆ ಹೆಚ್ಚಲ್ಲ, ಅದರ ವರ್ಗಮೂಲದ ಹಾಗೆ ಹೆಚ್ಚುತ್ತೆ ಅಂತ ಹೇಳಿದ. ಅಂದ್ರೆ ಎರಡರಷ್ಟು ಎಳೆದು ಬಿಟ್ಟರೆ ವೇಗ ಎರಡರಷ್ಟು. ಹೋಗಬೇಕಾದ ದೂರವೂ ಎರಡರಷ್ಟು. ಹಾಗಾಗಿ ತಗೊಳ್ಳೋ ಸಮಯ ಒಂದೇ! ಸ್ಪ್ರಿಂಗು ಕಮ್ಮಿ ಆಡಲಿ, ಜಾಸ್ತಿ ಆಡಲಿ, ಒಂದು ಸುತ್ತಿಗೆ ಹಿಡಿಯೋ ಹೊತ್ತು ಬದಲಾಗಲ್ಲ. ಗಡಿಯಾರಕ್ಕೆ ಬೇಕಾಗಿದ್ದೂ ಅದೇ.

ಇದನ್ನು ಬರೆದದ್ದು ನ್ಯೂಟನ್‌ನ ಪ್ರಿನ್ಸಿಪಿಯಾ ಬರುವ 9 ವರ್ಷ ಮೊದಲು. ಆಗ ಶಕ್ತಿ ಅನ್ನೋದಕ್ಕೆ ಇವತ್ತಿನ ಅರ್ಥ ಇರಲಿಲ್ಲ, ಕೆಲಸ ಅನ್ನೋ ಪಾರಿಭಾಷಿಕ ಪದ ಇರಲಿಲ್ಲ, ಜೌಲ್ ಅನ್ನೋ ಮಾನ ಇರಲಿಲ್ಲ. ಹೆಸರಿಲ್ಲದ ವಸ್ತುವಿನ ಲೆಕ್ಕವನ್ನು ಹುಕ್ ಒಂದು ತ್ರಿಕೋನದಲ್ಲಿ ಹಿಡಿದಿಟ್ಟಿದ್ದ.

ಹೆಸರಿಗಾಗಿ ನೂರೈವತ್ತು ವರ್ಷ

ಹೆಸರು ಸಿಗೋಕೆ ಮಾತ್ರ ತುಂಬಾ ಕಾಲ ಹಿಡೀತು. ಮಧ್ಯದಲ್ಲಿ ಒಂದು ದೊಡ್ಡ ವಾದ ನಡೀತು. ಚಲಿಸುವ ವಸ್ತುವಿನ "ಬಲ" ಎಷ್ಟು ಅಂತ ಅಳೆಯೋದು ಹೇಗೆ? ಡೆಕಾರ್ಟ್‌ನ ಶಿಷ್ಯರು ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿ ಅಂದ್ರು. 1686ರಲ್ಲಿ ಜರ್ಮನಿಯ ಲೈಬ್ನಿಟ್ಸ್, ಅಲ್ಲ, ವೇಗದ ವರ್ಗದಿಂದ ಗುಣಿಸಬೇಕು ಅಂದ. ಅದಕ್ಕೆ ಜೀವಂತ ಬಲ ಅಂತ ಹೆಸರಿಟ್ಟ.

ಇಲ್ಲಿ ನಮ್ಮ ಸ್ಪ್ರಿಂಗು ಮತ್ತೆ ಬರುತ್ತೆ. 1724ರಲ್ಲಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಒಂದು ಬಹುಮಾನ ಸ್ಪರ್ಧೆ ಇಟ್ಟಿತು. ಸ್ವಿಟ್ಜರ್ಲೆಂಡಿನ ಯೋಹಾನ್ ಬರ್ನೂಲಿ ಪ್ರಬಂಧ ಕಳಿಸಿದ. ಅವನ ವಾದ ಹೀಗೆ: ಒಂದೇ ಥರದ ಸ್ಪ್ರಿಂಗುಗಳನ್ನು ಸಾಲಾಗಿ ಒಂದರ ಹಿಂದೆ ಒಂದು ಇಟ್ಟು ಅದುಮಿ. ಒಂದಿರಲಿ, ನಾಲ್ಕಿರಲಿ, ತುದಿಯಲ್ಲಿ ಚೆಂಡನ್ನು ನೂಕುವ ಬಲ ಒಂದೇ. ಆದರೂ ನಾಲ್ಕು ಸ್ಪ್ರಿಂಗ್ ಬಿಚ್ಚಿಕೊಂಡಾಗ ಚೆಂಡಿನ ವೇಗ ಒಂದು ಸ್ಪ್ರಿಂಗ್ ಕೊಟ್ಟದ್ದರ ನಾಲ್ಕರಷ್ಟು ಆಗಲ್ಲ, ಎರಡರಷ್ಟಾಗುತ್ತೆ. ಎರಡರ ವರ್ಗ ನಾಲ್ಕು. ನಾಲ್ಕು ಸ್ಪ್ರಿಂಗಿನಲ್ಲಿ ಕೂಡಿಟ್ಟದ್ದು ಒಂದರ ನಾಲ್ಕರಷ್ಟು ತಾನೇ? ಹಾಗಾದರೆ ಸರಿಯಾದ ಅಳತೆ ವೇಗದ ವರ್ಗವೇ.

ಗಮನಿಸಿ, ನೂಕುವ ಬಲ ಎರಡೂ ಸಲ ಅಷ್ಟೇ ಇದೆ. ಬದಲಾಗಿದ್ದು ದೂರ. ನಾಲ್ಕು ಸ್ಪ್ರಿಂಗು ನಾಲ್ಕರಷ್ಟು ದೂರ ಬೆನ್ನಟ್ಟಿ ನೂಕುತ್ತೆ. ಬಲ ಎಷ್ಟು ದೂರ ಜೊತೆಗೆ ಹೋಯ್ತು ಅನ್ನೋದೇ ಮುಖ್ಯ ಅಂತ ಬರ್ನೂಲಿಯ ಉದಾಹರಣೆ ಎತ್ತಿ ತೋರಿಸುತ್ತೆ. ಬಹುಮಾನ ಮಾತ್ರ ಬರ್ನೂಲಿಗೆ ಸಿಗಲಿಲ್ಲ. ಸ್ಕಾಟ್ಲೆಂಡಿನ ಕಾಲಿನ್ ಮಕ್ಲಾರಿನ್‌ಗೆ ಹೋಯ್ತು.

ಅದೇ ಹೊತ್ತಿಗೆ ಹಾಲೆಂಡಿನಲ್ಲಿ ಗ್ರಾವೆಸಾಂಡೆ ಅನ್ನೋ ಪ್ರಾಧ್ಯಾಪಕ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿನ ಮೇಲೆ ಬೀಳಿಸಿ ಗುಂಡಿಗಳನ್ನು ಅಳೀತಿದ್ದ. ವೇಗ ಎರಡರಷ್ಟಾದರೆ ಒತ್ತಿಹೋದ ಮಣ್ಣು ನಾಲ್ಕರಷ್ಟು. ಫ್ರಾನ್ಸಿನಲ್ಲಿ ಎಮಿಲಿ ದು ಶಾಟಲೆ ಎಂಬ ವಿದುಷಿ 1740ರ ತಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಈ ಪ್ರಯೋಗಗಳನ್ನು ಎತ್ತಿ ಹಿಡಿದು, ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ಮೆರಾನ್ ಜೊತೆ ಅಚ್ಚಿನಲ್ಲೇ ವಾದಕ್ಕಿಳಿದರು. ಆ ಕಾಲದಲ್ಲಿ ಹೆಂಗಸರಿಗೆ ಆ ಅಕಾಡೆಮಿಯ ಸದಸ್ಯತ್ವವೇ ಇರಲಿಲ್ಲ ಅನ್ನೋದು ನೆನಪಿರಲಿ. ನ್ಯೂಟನ್‌ನ ಪ್ರಿನ್ಸಿಪಿಯಾವನ್ನು ಫ್ರೆಂಚ್‌ಗೆ ತರುವ ಕೆಲಸ ಮುಗಿಸುವ ಹೊತ್ತಿಗೆ, 1749ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. 42 ವರ್ಷ ವಯಸ್ಸು.

ಕೈದಿಯ ಪಾಠ

ಈಗ 1812ಕ್ಕೆ ಬರೋಣ. ನೆಪೋಲಿಯನ್‌ನ ಸೇನೆ ಮಾಸ್ಕೋದಿಂದ ಹಿಂದೆ ಸರೀತಾ ಇದೆ, ಕೊರೆಯುವ ಚಳಿ. ಕ್ರಾಸ್ನೊಯ್ ಅನ್ನೋ ಊರಿನ ಹತ್ತಿರ ನಡೆದ ಕಾಳಗದಲ್ಲಿ ಫ್ರೆಂಚ್ ಸೇನೆಯ ಒಬ್ಬ ಎಳೆ ಇಂಜಿನಿಯರ್ ರಷ್ಯನ್ನರ ಕೈಗೆ ಸಿಕ್ಕಿಬೀಳ್ತಾನೆ. ಹೆಸರು ಝಾನ್ ವಿಕ್ಟರ್ ಪೊನ್ಸೆಲೆ. ಹಿಮದಲ್ಲಿ ನಡೆಸಿಕೊಂಡು ದೂರದ ಸರಾತೊವ್‌ಗೆ ಒಯ್ಯುತ್ತಾರೆ. ಪುಸ್ತಕ ಇಲ್ಲ. ಕಾಲೇಜಿನಲ್ಲಿ ಕಲಿತದ್ದನ್ನು ನೆನಪು ಮಾಡ್ಕೊಂಡು, ಆ ಸೆರೆಯಲ್ಲೇ ಜ್ಯಾಮಿತಿಯ ಒಂದು ಹೊಸ ಶಾಖೆಗೆ ಬುನಾದಿ ಹಾಕ್ತಾನೆ. 1814ರಲ್ಲಿ ಬಿಡುಗಡೆ.

ಊರಿಗೆ, ಅಂದ್ರೆ ಮೆಟ್ಸ್ ನಗರಕ್ಕೆ, ಬಂದ ಮೇಲೆ ಪೊನ್ಸೆಲೆ ಹಿಡಿದದ್ದು ಯಂತ್ರಗಳ ವಿಷಯ. 1827ರಿಂದ ಅಲ್ಲಿನ ಕುಶಲಕರ್ಮಿಗಳಿಗೆ, ಕಾರ್ಖಾನೆ ಕೆಲಸಗಾರರಿಗೆ ಪಾಠ ಹೇಳೋಕೆ ಶುರು ಮಾಡಿದ. ಅವರಿಗೆ ಜೀವಂತ ಬಲದ ತತ್ತ್ವಚರ್ಚೆ ಬೇಕಿರಲಿಲ್ಲ. ಅವರ ಪ್ರಶ್ನೆ ನೇರ: ಈ ನೀರಿನ ಚಕ್ರ, ಈ ಕುದುರೆ, ಈ ಉಗಿಯಂತ್ರ ದಿನಕ್ಕೆ ಎಷ್ಟು ಕೆಲಸ ಮಾಡುತ್ತೆ? ಒಂದು ಕೆಜಿ ಭಾರವನ್ನು ಒಂದು ಮೀಟರ್ ಎತ್ತಿದರೆ ಅದು ಒಂದು ಮಾನ. ಎಲ್ಲ ಯಂತ್ರವನ್ನೂ ಇದೇ ಕೋಲಿನಲ್ಲಿ ಅಳೀಬಹುದು.

1829ರಲ್ಲಿ ಪ್ಯಾರಿಸ್‌ನ ಗಸ್ಪಾರ್ ಕೊರಿಯೊಲಿಸ್ ಯಂತ್ರಗಳ ಲೆಕ್ಕಾಚಾರದ ಪುಸ್ತಕ ತಂದ. ಬಿರುಗಾಳಿ ಸುತ್ತುವ ದಿಕ್ಕಿನ ಪಾಠದಲ್ಲಿ ಬರ್ತಾನಲ್ಲ, ಅದೇ ಕೊರಿಯೊಲಿಸ್. ಆತ ಎರಡು ಕೆಲಸ ಮಾಡಿದ. ಬಲ ಮತ್ತು ಆ ಬಲದ ದಿಕ್ಕಿನಲ್ಲಿ ಆದ ಸ್ಥಾನಪಲ್ಲಟ, ಇವೆರಡರ ಗುಣಲಬ್ಧಕ್ಕೆ ಕೂಲಿಯವರು ಬಳಸುವ ಸಾದಾ ಪದವನ್ನೇ ಇಟ್ಟ: ಕೆಲಸ. ಇನ್ನೊಂದು, ಲೈಬ್ನಿಟ್ಸ್‌ನ ಜೀವಂತ ಬಲವನ್ನು ಅರ್ಧ ಮಾಡಿದ. ಆಗ ಮಾಡಿದ ಕೆಲಸಕ್ಕೂ ಸಿಕ್ಕ ಚಲನೆಗೂ ಸರಿಸಮ ತಾಳೆಯಾಗುತ್ತೆ, ಜಮಾ ಖರ್ಚು ಸೊನ್ನೆಗೆ ಬರುತ್ತೆ. ಪಿಯುಸಿಯಲ್ಲಿ ಚಲನಶಕ್ತಿಯ ಸೂತ್ರದ ಮುಂದೆ ಒಂದು ಅರ್ಧ ನಿಂತಿರುತ್ತಲ್ಲ, ಅದನ್ನು ಅಲ್ಲಿ ಕೂರಿಸಿದ್ದು ಈತ.

ಈಗ ಲೆಕ್ಕ ಮಾಡೋಣ

ಹೆಸರು ಸಿಕ್ಕಿತಲ್ಲ, ಈಗ ತಕ್ಕಡಿಗೆ ವಾಪಸ್ ಬರೋಣ. ಕಾಗದ ಪೆನ್ನು ಬೇಡ, ಬಾಯಿಲೆಕ್ಕದಲ್ಲೇ ಆಗುತ್ತೆ.

1 ಕೆಜಿ ಕಲ್ಲು. ಭೂಮಿ ಅದನ್ನು ಎಳೆಯೋದು ಸುಮಾರು 10 ನ್ಯೂಟನ್. ನಮ್ಮ ಸ್ಪ್ರಿಂಗು ಮೀಟರ್‌ಗೆ 100 ನ್ಯೂಟನ್‌ನದು. ಕಲ್ಲನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಇಳಿಸಿದರೆ 10 ಸೆಂಟಿಮೀಟರ್‌ಗೆ ನಿಲ್ಲುತ್ತೆ. ಅಲ್ಲಿ ಸ್ಪ್ರಿಂಗಿನ ಎಳೆತ 10, ಭೂಮಿಯ ಎಳೆತ 10. ಸರಿಸಮ.

ಈಗ ಕೈ ಹಿಡಿಯದೆ ಒಮ್ಮೆಲೇ ಬಿಡಿ. ಕಲ್ಲು 10 ಸೆಂಟಿಮೀಟರ್ ಇಳಿದ ಕ್ಷಣವನ್ನು ನೋಡಿ. ಭೂಮಿ ಮಾಡಿದ ಕೆಲಸ: 10 ನ್ಯೂಟನ್, 0.1 ಮೀಟರ್, ಅಂದ್ರೆ 1 ಜೌಲ್. ಭೂಮಿಯ ಎಳೆತ ಬದಲಾಗಲ್ಲ, ಹಾಗಾಗಿ ನೇರ ಗುಣಾಕಾರ. ಸ್ಪ್ರಿಂಗಿನ ಎಳೆತ ಸೊನ್ನೆಯಿಂದ ಶುರುವಾಗಿ 10ಕ್ಕೆ ಬಂದಿದೆ. ಅದು ಬಾವಿ ಕೂಲಿಯ ಲೆಕ್ಕ, ತ್ರಿಕೋನ. ಅದರಲ್ಲಿ ಸೇರಿರೋದು ಅರ್ಧ ಜೌಲ್ ಮಾತ್ರ. ಉಳಿದ ಅರ್ಧ ಎಲ್ಲಿ ಹೋಯ್ತು?

ಕಲ್ಲಿನ ವೇಗದಲ್ಲಿದೆ. ಅರ್ಧ ಜೌಲ್ ಚಲನಶಕ್ತಿ ಅಂದ್ರೆ 1 ಕೆಜಿ ಕಲ್ಲಿಗೆ ಸೆಕೆಂಡಿಗೆ 1 ಮೀಟರ್ ವೇಗ. ಆ ಜಾಗದಲ್ಲಿ ಬಲಗಳು ಸರಿಸಮ ಇರೋದು ನಿಜ. ಆದರೆ ಬಲ ಸರಿಸಮ ಅಂದ ಮಾತ್ರಕ್ಕೆ ವಸ್ತು ನಿಂತಿದೆ ಅಂತ ಅರ್ಥ ಅಲ್ಲ. ನಿಜ ಹೇಳಬೇಕು ಅಂದ್ರೆ ಕಲ್ಲು ಅತಿ ಜೋರಾಗಿ ಓಡ್ತಾ ಇರೋದೇ ಆ ಜಾಗದಲ್ಲಿ. ನಾನು ಪರೀಕ್ಷೆಯಲ್ಲಿ ಎಡವಿದ್ದು ಇಲ್ಲೇ, ಮೇಷ್ಟ್ರು ಹೇಳಿದ್ದೂ ಇದನ್ನೇ.

ಹಾಗಾಗಿ ಕಲ್ಲು ಮುಂದೆ ಹೋಗುತ್ತೆ. 20 ಸೆಂಟಿಮೀಟರ್‌ಗೆ ಬಂದಾಗ ಭೂಮಿಯ ಕೆಲಸ 2 ಜೌಲ್. ಸ್ಪ್ರಿಂಗಿನ ಎಳೆತ ಈಗ 20 ನ್ಯೂಟನ್. ತ್ರಿಕೋನದ ವಿಸ್ತೀರ್ಣ 20 ಗುಣಿಸು 0.2, ಅದರ ಅರ್ಧ, ಅಂದ್ರೆ 2 ಜೌಲ್. ಜಮಾ ಖರ್ಚು ಸರಿಹೋಯ್ತು, ವೇಗಕ್ಕೆ ಏನೂ ಉಳಿಯಲಿಲ್ಲ. ಕಲ್ಲು ಒಂದು ಕ್ಷಣ ನಿಂತು ಮೇಲಕ್ಕೆ ತಿರುಗುತ್ತೆ. ನಾಲ್ಕು ಕೆಜಿ ಪೇಪರು ಎಂಟರ ಹತ್ತಿರ ಹೋಗ್ತಿದ್ದುದು ಇದಕ್ಕೇ. ಮೇಜಿನ ಮೇಲಿನ ಬ್ಲಾಕು 20 ಸೆಂಟಿಮೀಟರ್ ಹೋಗೋದೂ ಇದಕ್ಕೇ. ಅಲ್ಲಿ ಭೂಮಿಯ ಬದಲು ನಾವು ಎಳೀತೀವಿ, ಅಷ್ಟೇ ವ್ಯತ್ಯಾಸ.

ನಿಧಾನಕ್ಕೆ ಇಳಿಸಿದಾಗ ಆ ಅರ್ಧ ಜೌಲ್ ಏನಾಯ್ತು ಅಂತ ಕೇಳಬಹುದು. ಕೈ ಅದನ್ನು ತಡೆದುಕೊಳ್ತು. ಇಳಿಸುವ ಉದ್ದಕ್ಕೂ ಕೈ ಮೇಲ್ಮುಖವಾಗಿ ಆನಿಸಿಕೊಂಡಿತ್ತಲ್ಲ.

ಕಬ್ಬಿಣದ ಸೇತುವೆ ಮೇಲೆ

ಇದು ಬರೀ ಪರೀಕ್ಷೆಯ ಐದು ಮಾರ್ಕಿನ ವಿಷಯ ಆಗಿದ್ದರೆ ನಾನು ಇಷ್ಟು ಹೊತ್ತು ಮಾತಾಡ್ತಿರಲಿಲ್ಲ. ಪೊನ್ಸೆಲೆ ತನ್ನ ಕೆಲಸಗಾರರಿಗೆ ಇದೇ ಲೆಕ್ಕವನ್ನು ಕಬ್ಬಿಣದ ಸರಳಿಗೆ ಹಾಕಿ ತೋರಿಸಿದ. ಹುಕ್ ಹೇಳಿದ ಹಾಗೆ ಸರಳೂ ಒಂದು ಬಿಗಿಯಾದ ಸ್ಪ್ರಿಂಗೇ. ಭಾರವನ್ನು ಮೆಲ್ಲಗೆ ಹೇರಿದರೆ ಒಂದು ಪಾಲು ಹಿಗ್ಗುತ್ತೆ. ಒಮ್ಮೆಲೇ ಬಿಟ್ಟರೆ, ಎತ್ತರದಿಂದ ಬೀಳಿಸದೆ ಬರೀ ಕೈಬಿಟ್ಟರೂ ಸಾಕು, ಎರಡು ಪಾಲು.

ಅರ್ಥ ಏನು? ಒಂದು ಹಗ್ಗ 150 ಕೆಜಿಗೆ ತುಂಡಾಗುತ್ತೆ ಅಂತ ಇಟ್ಕೊಳ್ಳಿ. 100 ಕೆಜಿ ಭಾರವನ್ನು ಮೆಲ್ಲಗೆ ಇಳಿಬಿಟ್ಟರೆ ಆರಾಮಾಗಿ ಹೊರುತ್ತೆ. ಅದೇ ಭಾರವನ್ನು ಒಮ್ಮೆಲೇ ಬಿಟ್ಟರೆ, ಆ ಒಂದು ಕ್ಷಣ ಹಗ್ಗ 200ರ ಕಡೆ ಹೋಗುತ್ತೆ, ದಾರಿಯಲ್ಲೇ ಕಿತ್ತುಹೋಗುತ್ತೆ. ಭಾರ ಅದೇ, ಹಗ್ಗ ಅದೇ. ಲಾರಿಯಿಂದ ಮೂಟೆ ಇಳಿಸುವ ಹಮಾಲರಿಗೆ ಇದು ಸೂತ್ರ ಇಲ್ಲದೆ ಗೊತ್ತು. "ಮೆಲ್ಲಗೆ, ಮೆಲ್ಲಗೆ" ಅಂತ ಕೂಗೋದು ಸುಮ್ಮನೆ ಅಲ್ಲ.

ಆದರೆ ರೈಲು ಮೆಲ್ಲಗೆ ಬರಲ್ಲ. 1830ರ ದಶಕದಿಂದ ಇಂಗ್ಲೆಂಡಿನಲ್ಲಿ ರೈಲು ದಾರಿಗಳು ಹಬ್ಬಿದವು, ಎರಕದ ಕಬ್ಬಿಣದ ಸೇತುವೆಗಳು ಎದ್ದವು. 1847ರ ಮೇ 24ರಂದು ಚೆಸ್ಟರ್ ಹತ್ತಿರ ಡೀ ನದಿಯ ಮೇಲಿನ ಸೇತುವೆಯ ತೊಲೆ ರೈಲು ಹೋಗುತ್ತಿರುವಾಗಲೇ ಮುರಿದು ಬೋಗಿಗಳು ನದಿಗೆ ಬಿದ್ದವು. 5 ಜನ ಸತ್ತರು. ಸೇತುವೆ ಕಟ್ಟಿದ್ದು ಆ ಕಾಲದ ಅತಿ ಹೆಸರುವಾಸಿ ಇಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್. ಮರದ ಹಲಗೆಗೆ ಬೆಂಕಿ ತಗುಲಬಾರದು ಅಂತ ಅದೇ ದಿನ ಹಳಿಯ ಕೆಳಗೆ ಜಲ್ಲಿಯನ್ನೂ ಹಾಕಿಸಿದ್ದ, ಅದರ ಭಾರ ಬೇರೆ ಸೇರಿತ್ತು. ಎರಕದ ಕಬ್ಬಿಣ ಬಾಗುವುದಕ್ಕಿಂತ ಮೊದಲೇ ಪಟ್ಟಂತ ಒಡೆಯುವ ಲೋಹ. ಈ ದುರಂತಕ್ಕೆ ಕಾರಣ ಒಂದೇ ಅಲ್ಲ, ಎಲ್ಲವನ್ನೂ ಸ್ಪ್ರಿಂಗಿನ ಲೆಕ್ಕದ ಮೇಲೆ ಹಾಕೋದು ತಪ್ಪಾಗುತ್ತೆ.

ಆದರೆ ಅದು ಎಬ್ಬಿಸಿದ ಪ್ರಶ್ನೆ ನಮ್ಮದೇ ಪ್ರಶ್ನೆ. ನಿಂತ ಭಾರಕ್ಕೂ ಓಡುವ ಭಾರಕ್ಕೂ ಕಬ್ಬಿಣ ಒಂದೇ ಥರ ಬಾಗುತ್ತಾ? ಬ್ರಿಟಿಷ್ ಸರ್ಕಾರ ಆಯೋಗ ನೇಮಿಸಿತು. ಕೇಂಬ್ರಿಡ್ಜ್‌ನ ರಾಬರ್ಟ್ ವಿಲ್ಲಿಸ್ ಮತ್ತು ಸೇನೆಯ ಇಂಜಿನಿಯರುಗಳು ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಇಳಿಜಾರಿನಿಂದ ಭಾರ ತುಂಬಿದ ಗಾಡಿಯನ್ನು ಕಬ್ಬಿಣದ ಪಟ್ಟಿಗಳ ಮೇಲೆ ಓಡಿಸಿ ಅಳೆದರು. ಉತ್ತರ ಸ್ಪಷ್ಟ ಇತ್ತು: ಓಡುವ ಭಾರ ನಿಂತ ಭಾರಕ್ಕಿಂತ ಹೆಚ್ಚು ಬಗ್ಗಿಸುತ್ತೆ. 1849ರಲ್ಲಿ ವರದಿ ಬಂತು. ಅದೇ ಹೊತ್ತಿಗೆ ಗಣಿತಜ್ಞ ಜಾರ್ಜ್ ಸ್ಟೋಕ್ಸ್ ಅದರ ಸಮೀಕರಣ ಬಿಡಿಸಿದ. ಇವತ್ತು ಕ್ರೇನ್ ಇರಲಿ, ಲಿಫ್ಟ್ ಇರಲಿ, ಸೇತುವೆ ಇರಲಿ, ಹೊರಬೇಕಾದ ಭಾರಕ್ಕಿಂತ ಎಷ್ಟೋ ಪಟ್ಟು ಗಟ್ಟಿ ಕಟ್ಟುತ್ತಾರಲ್ಲ, ಅದರ ಹಿಂದಿರುವ ಕಾರಣಗಳಲ್ಲಿ ಇದೂ ಒಂದು.

ಕೊನೆಯ ಅರ್ಧ

ಒಂದು ಬಾಕಿ ಉಳೀತು. ಆಡಿ ಆಡಿ ಕಲ್ಲು ಕೊನೆಗೆ 10 ಸೆಂಟಿಮೀಟರ್‌ಗೆ ಬಂದು ಸುಮ್ಮನೆ ನಿಲ್ಲುತ್ತೆ. ಭೂಮಿ ಕೊಟ್ಟದ್ದು 1 ಜೌಲ್, ಸ್ಪ್ರಿಂಗಿನಲ್ಲಿ ಇರೋದು ಅರ್ಧ ಜೌಲ್. ಈಗ ವೇಗವೂ ಇಲ್ಲ, ಹಿಡಿದ ಕೈಯೂ ಇಲ್ಲ. ಉಳಿದರ್ಧ?

ಇದಕ್ಕೆ ಉತ್ತರ ಕೊಟ್ಟದ್ದು ಮ್ಯಾಂಚೆಸ್ಟರ್ ಪಕ್ಕದ ಸಾಲ್‌ಫರ್ಡ್‌ನಲ್ಲಿ ಬಿಯರ್ ತಯಾರಿಸುವ ಮನೆತನದಲ್ಲಿ ಹುಟ್ಟಿದ ಜೇಮ್ಸ್ ಜೌಲ್. 1840ರ ದಶಕದಲ್ಲಿ ಆತ ಕೆಳಗಿಳಿಯುವ ಭಾರದಿಂದ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಗುತ್ತೆ ಅಂತ ಅಳೀತಾ ಹೋದ. 1850ರ ಪ್ರಬಂಧದಲ್ಲಿ ಅವನು ಕೊಟ್ಟ ಅಂಕಿ: 1 ಪೌಂಡ್ ನೀರನ್ನು 1 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡೋಕೆ 772 ಪೌಂಡ್ ಭಾರ 1 ಅಡಿ ಇಳಿಯುವಷ್ಟು ಕೆಲಸ ಬೇಕು. ಕಳೆದುಹೋಯ್ತು ಅಂದುಕೊಂಡಿದ್ದ ಕೆಲಸ ಶಾಖವಾಗಿತ್ತು. ನಮ್ಮ ಅರ್ಧ ಜೌಲ್ ಕೂಡ ಗಾಳಿಯಲ್ಲಿ, ಸ್ಪ್ರಿಂಗಿನ ತಂತಿಯಲ್ಲಿ, ಕೊಕ್ಕೆಯಲ್ಲಿ ಬಿಸಿಯಾಗಿ ಕರಗಿದೆ. ಎಷ್ಟು ಬಿಸಿ ಅಂತೀರಾ? 1 ಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನ ಸುಮಾರು ಎಂಟನೇ ಒಂದು ಪಾಲು ಬಿಸಿ ಮಾಡುವಷ್ಟು. ಕೈಗೆ ಗೊತ್ತಾಗಲ್ಲ. ಗೊತ್ತಾಗದ ಇಂಥ ಸಣ್ಣ ಬಿಸಿಯನ್ನು ಹಟ ಹಿಡಿದು ಅಳೆದದ್ದಕ್ಕೇ ಇವತ್ತು ಕೆಲಸದ ಮಾನಕ್ಕೆ ಆತನ ಹೆಸರಿದೆ.

ಹುಕ್ ಏನಾದ? 1703ರ ಮಾರ್ಚ್‌ನಲ್ಲಿ, ತಾನು ವಾಸವಿದ್ದ ಗ್ರೆಶಮ್ ಕಾಲೇಜಿನಲ್ಲೇ ತೀರಿಕೊಂಡ. ಅದೇ ವರ್ಷ ಅವನ ಹಳೇ ಎದುರಾಳಿ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಹುಕ್‌ನದೇ ಅಂತ ಎಲ್ಲರೂ ಒಪ್ಪುವ ಒಂದು ಭಾವಚಿತ್ರವೂ ಇವತ್ತು ಉಳಿದಿಲ್ಲ. ನ್ಯೂಟನ್ನೇ ಅದನ್ನು ತೆಗೆಸಿಹಾಕಿದ ಅನ್ನೋ ಕಥೆ ಚಾಲ್ತಿಯಲ್ಲಿದೆ, ಆದರೆ ಅದಕ್ಕೆ ಪುರಾವೆ ಇಲ್ಲ. ತನ್ನದನ್ನು ಯಾರೋ ಕದ್ದುಬಿಡ್ತಾರೆ ಅಂತ ಅಕ್ಷರಗಳನ್ನು ಕಲಸಿ ಬಚ್ಚಿಟ್ಟವನ ಮುಖ ನಮಗೆ ಗೊತ್ತಿಲ್ಲ. ಅವನ ನಿಯಮ ಮಾತ್ರ ಹೈಸ್ಕೂಲ್ ಪುಸ್ತಕದಿಂದ ಹಿಡಿದು ಬೈಕಿನ ಶಾಕ್ ಅಬ್ಸಾರ್ಬರ್‌ವರೆಗೂ ಇದೆ.

ಮನೆಯಲ್ಲಿ ಮಕ್ಕಳು ಈ ಲೆಕ್ಕದಲ್ಲಿ ಒದ್ದಾಡ್ತಿದ್ರೆ ಸೂತ್ರ ಬಾಯಿಪಾಠ ಮಾಡಿಸೋ ಮೊದಲು ಒಂದು ಸ್ಪ್ರಿಂಗ್ ತಕ್ಕಡಿ ಹುಡುಕಿ. ಬೇರೆ ಬೇರೆ ಭಾರ ತೂಗುಹಾಕಿ, ಒಮ್ಮೆ ಮೆಲ್ಲಗೆ ಇಳಿಸಿ, ಒಮ್ಮೆ ಸುಮ್ಮನೆ ಕೈಬಿಡಿ. ತಕ್ಕಡಿಯ ಮಿತಿಯ ಅರ್ಧಕ್ಕಿಂತ ಕಡಿಮೆ ಭಾರ ಇರಲಿ, ಯಾಕೆ ಅಂತ ಈಗ ನಿಮಗೆ ಗೊತ್ತು. ಮುಳ್ಳು ಎಲ್ಲಿವರೆಗೆ ಹಾರುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಅವರೇ ಬರೆದುಕೊಳ್ಳಲಿ. ಆಮೇಲೆ ಕೇಳಿ, ಅರ್ಧ ಎಲ್ಲಿ ಹೋಯ್ತು?

ಉತ್ತರಕ್ಕೆ ಅವಸರ ಬೇಡ. ಮುಳ್ಳು ನಿಲ್ಲಲಿ.